ಆಟಿಸಂ ಇರುವ ಎಷ್ಟು ಮಂದಿಗೆ ಕೆಲಸ ಕೊಟ್ಟಿದ್ದೀರಿ? ಸಚಿವರಿಗೊಂದು ಬಹಿರಂಗ ಪತ್ರ

ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ದಾವಣಗೆರೆಯವಳು. ಬಿ.ಕಾಂ. ಓದಿದ್ದೇನೆ, ವಯಸ್ಸು ಮೂವತ್ತೇಳು. ನನಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದು ಮೂವತ್ತು ದಾಟಿದ ಮೇಲೆ. ಆಟಿಸಂ ಎಂದರೆ ಚಿಕ್ಕಂದಿನಿಂದಲೇ ಇರುವ, ಮಿದುಳಿನ ಬೆಳವಣಿಗೆಯ ಒಂದು ಭಿನ್ನತೆ. ಜನರೊಡನೆ ಬೆರೆಯುವುದು, ಸದ್ದುಗದ್ದಲ ತಾಳುವುದು ನಮಗೆ ಕಷ್ಟವಾಗಬಹುದು. ಅದಕ್ಕೂ ಮೊದಲು ಊರವರು, ನೆಂಟರು ನನ್ನನ್ನು ಹಟಮಾರಿ ಎಂದರು, ಗರ್ವದವಳು ಎಂದರು. ತಮ್ಮಲ್ಲಿ ನನ್ನ ಬೇಡಿಕೆ ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅಂದಿನಿಂದ ಇಂದಿನವರೆಗೆ ರಾಜ್ಯ ಸರ್ಕಾರದ ಯಾವ ಇಲಾಖೆಯಲ್ಲಿ ಆಟಿಸಂ ಇರುವ ಎಷ್ಟು ಮಂದಿಯನ್ನು ನೇಮಿಸಿಕೊಂಡಿದ್ದೀರಿ? ಆ ಲೆಕ್ಕವನ್ನು ಪ್ರಕಟಿಸಿ.

ಕಾಯ್ದೆ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಸೆಕ್ಷನ್ 34ರ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4 ಮೀಸಲಾತಿ. ದೃಷ್ಟಿ, ಶ್ರವಣ, ಚಲನ ವೈಕಲ್ಯ ಇರುವವರಿಗೆ ತಲಾ ಶೇ 1. ಉಳಿದ ಶೇ 1ರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ವೈಕಲ್ಯ ಇರುವ ಎಲ್ಲರೂ ಪಾಲುದಾರರು. ಅರ್ಹರು ಸಿಗದಿದ್ದರೆ ಹುದ್ದೆ ಮರುವರ್ಷಕ್ಕೆ ಹೋಗುತ್ತದೆ. ಆಗಲೂ ಸಿಗದಿದ್ದರೆ ಬೇರೆ ವೈಕಲ್ಯದ ಗುಂಪಿನವರಿಗೆ ಕೊಡಬಹುದು. ಅರ್ಹರನ್ನು ಯಾರು ಹುಡುಕಿದರು, ಎಲ್ಲಿ ಹುಡುಕಿದರು ಎಂದು ನಮಗೆ ಯಾರೂ ಹೇಳಿಲ್ಲ.

ಮೂವತ್ತು ದಾಟಿದ ನಮ್ಮಂಥವರ ಪಾಡು ಇನ್ನೂ ಬೇರೆ. ನಾವು ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಇದ್ದದ್ದು 1995ರ ಕಾಯ್ದೆ. ಅದು ಏಳು ಬಗೆಯ ವೈಕಲ್ಯವನ್ನಷ್ಟೇ ಗುರುತಿಸಿತ್ತು, ಆಟಿಸಂ ಅದರಲ್ಲಿರಲಿಲ್ಲ. ಹೊಸ ಕಾಯ್ದೆ ಬರುವ ಹೊತ್ತಿಗೆ ಕೆಲಸಕ್ಕೆ ಸೇರುವ ವಯಸ್ಸು ಮುಕ್ಕಾಲು ಕಳೆದಿತ್ತು. ಆಮೇಲೆ ಆಟಿಸಂ ಇದೆ ಎಂಬ ಪ್ರಮಾಣಪತ್ರಕ್ಕೆ ಅಲೆದಾಟ. ಎರಡು ವರ್ಷದ ಮಗುವಾಗಿದ್ದಾಗ ನೀವು ಹೇಗೆ ಆಡುತ್ತಿದ್ದಿರಿ ಎಂದು ನಡುವಯಸ್ಸಿನ ಹೆಂಗಸನ್ನು ಕೇಳಿದರೆ ಅವಳು ಏನು ಹೇಳಬೇಕು?

ಕೆಲಸ ಮಾಡಲು ಬಾರದವರು ನಾವಲ್ಲ. ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನು ಹಲವು ವರ್ಷ ದುಡಿದೆ. ವೋಚರ್‌ಗಳನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಿಸುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಜಿಎಸ್‌ಟಿ ರಿಟರ್ನ್‌ಗೆ ಪಟ್ಟಿ ಸಿದ್ಧಪಡಿಸುವುದು ನನ್ನ ಕೆಲಸ. ಮಾರ್ಚ್ ಕೊನೆಯಲ್ಲಿ ಯಾರಿಗೂ ತಾಳೆಯಾಗದ ಲೆಕ್ಕ ಕಡೆಗೆ ನನ್ನ ಮೇಜಿಗೇ ಬರುತ್ತಿತ್ತು. ಹಳೆಯ ಮ್ಯಾನೇಜರ್ ನನಗೆ ಮೂಲೆಯ ಕುರ್ಚಿ ಕೊಟ್ಟಿದ್ದರು. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ನನಗೆ ಬೇಕಿದ್ದದ್ದು ಅಷ್ಟೇ. ಅವರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ನನ್ನನ್ನು ಬಾಗಿಲ ಬಳಿ, ಪ್ರಿಂಟರ್ ಪಕ್ಕಕ್ಕೆ ಕೂರಿಸಿದರು. ಆ ಸದ್ದಿಗೆ ಮಧ್ಯಾಹ್ನದ ಹೊತ್ತಿಗೆ ಅಂಕಿಗಳು ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಹಳೆಯ ಜಾಗ ಕೊಡಿ ಎಂದು ಅರ್ಜಿ ಬರೆದು, ವೈದ್ಯರ ಪತ್ರ ಲಗತ್ತಿಸಿ ಕೊಟ್ಟೆ. ಬಂದ ಉತ್ತರ: "ನಾಳೆ ನಿಮ್ಮ ತಾಯಿಯನ್ನು ಕರೆದುಕೊಂಡು ಬನ್ನಿ."

ಆಗ ನನಗೆ ಮೂವತ್ನಾಲ್ಕು ವರ್ಷ. ಅಮ್ಮ ಮಂಡಿನೋವು ಇಟ್ಟುಕೊಂಡು ಎರಡು ಮಹಡಿ ಹತ್ತಿ ಬಂದರು. ನಾನು ಪಕ್ಕದಲ್ಲೇ ಕೂತಿದ್ದರೂ ಮ್ಯಾನೇಜರ್ ಮಾತಾಡಿದ್ದು ಅಮ್ಮನ ಜೊತೆ ಮಾತ್ರ. "ಅಮ್ಮಾ, ನಿಮ್ಮ ಮಗಳು ಮುಖ ನೋಡಿ ಮಾತನಾಡುವುದಿಲ್ಲ, ಎಲ್ಲರೊಡನೆ ಚಹಾಕ್ಕೆ ಬರುವುದಿಲ್ಲ. ಮನೆಯಲ್ಲೇ ಇಟ್ಟುಕೊಳ್ಳಿ, ಒಂದು ಮದುವೆ ಮಾಡಿ, ಸರಿಹೋಗುತ್ತಾರೆ." ಕೆಲಸದಲ್ಲಿ ಏನು ತಪ್ಪಾಗಿದೆ ಎಂದು ಅಮ್ಮ ಕೇಳಿದರು. ತಪ್ಪೇನೂ ಇಲ್ಲ ಎಂದರು. ಆಮೇಲೆ ಡ್ರಾಯರ್‌ನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ನನ್ನ ರಾಜೀನಾಮೆಯನ್ನು ಅವರೇ ಟೈಪ್ ಮಾಡಿಸಿಟ್ಟಿದ್ದರು. ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. ನನ್ನ ಇನಿಷಿಯಲ್ ತಪ್ಪಾಗಿತ್ತು. ಅದನ್ನು ಪೆನ್ನಿನಲ್ಲಿ ತಿದ್ದಿ ಸಹಿ ಮಾಡಿದೆ. ಏಳುವಾಗ ಅಮ್ಮ ಆ ಮನುಷ್ಯನಿಗೆ ಕೈ ಮುಗಿದರು. ಕೆಲಸ ಹೋದದ್ದನ್ನಾದರೂ ಸಹಿಸಿಕೊಂಡೆ, ಅದನ್ನು ಇಂದಿಗೂ ಸಹಿಸಲಾಗಿಲ್ಲ.

ಖಾಸಗಿಯವರ ವಿಷಯದಲ್ಲಿ ಸರ್ಕಾರ ಏನು ಮಾಡಲಾದೀತು ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ದಯವಿಟ್ಟು ಅವರಿಗೆ ಸೆಕ್ಷನ್ 21 ತೋರಿಸಿ. ಸಮಾನ ಅವಕಾಶ ನೀತಿಯನ್ನು ರೂಪಿಸಿ ಅದರ ಪ್ರತಿಯನ್ನು ವಿಕಲಚೇತನರ ಆಯುಕ್ತರಲ್ಲಿ ನೋಂದಾಯಿಸಬೇಕಾದದ್ದು ಪ್ರತಿಯೊಂದು ಸಂಸ್ಥೆ, ಖಾಸಗಿಯೂ ಸೇರಿ. ನಾನು ದುಡಿದ ಕಡೆ ಅಂಥದ್ದೊಂದು ಕಾಗದವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಕುರ್ಚಿಯ ಜಾಗ ಬದಲಿಸಿದ್ದರೆ ಸಾಕಿತ್ತು, ಸ್ವಾಮಿ! ಕಾನೂನು ಹೇಳುವ ಸೂಕ್ತ ಹೊಂದಾಣಿಕೆ ಎಂದರೆ ಅಷ್ಟೇ ತಾನೇ?

ಪ್ರತಿ ವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ಜಾಗೃತಿ ದಿನ. ಒಮ್ಮೆ ನಾನೂ ಒಂದು ಸಭೆಗೆ ಹೋಗಿದ್ದೆ. ಮಾತಾಡಿದವರೆಲ್ಲ ವಿಶೇಷ ಮಕ್ಕಳು, ದೇವರ ಮಕ್ಕಳು ಎಂದೇ ಹೇಳಿದರು. ಮಕ್ಕಳಿಗೆ ಬೇಗ ತಪಾಸಣೆಯಾಗಬೇಕು, ವಾಕ್ ಚಿಕಿತ್ಸೆ ಸಿಗಬೇಕು, ನಿಜ. ಆದರೆ ಆ ಮಕ್ಕಳು ಬೆಳೆಯುತ್ತಾರೆ, ಅವರಿಗೆ ಸಂಬಳ ಬೇಕು. ಮನೆ ಬಾಡಿಗೆ ಕಟ್ಟಬೇಕು. ಅಪ್ಪ ಅಮ್ಮ ಇಲ್ಲವಾದ ಮೇಲೂ ಬದುಕಬೇಕು. ನಾನೀಗ ಎರಡು ದಿನಸಿ ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಕೂತು ಬರೆಯುತ್ತೇನೆ. ಆ ಹಣ ಅಮ್ಮನ ಔಷಧಕ್ಕೂ ಸಾಲುವುದಿಲ್ಲ. ಅಮ್ಮನಿಗೆ ಎಪ್ಪತ್ತು ಸಮೀಪಿಸುತ್ತಿದೆ. ರಾತ್ರಿ ಅವರು ನಿದ್ದೆ ಮಾಡುತ್ತಿಲ್ಲ ಎಂಬುದು ನನಗೆ ಗೊತ್ತಾಗುತ್ತದೆ.

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ. ಲೆಕ್ಕ ಕೊಡಿ. ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ, ಲೆಕ್ಕ ಸಹಾಯಕ ಹುದ್ದೆಗಳಲ್ಲಿ ನಮ್ಮ ಗುಂಪಿನ ಪಾಲು ಎಷ್ಟಿತ್ತು, ಎಷ್ಟು ಭರ್ತಿಯಾಯಿತು, ಎಷ್ಟು ಬೇರೆ ಗುಂಪಿಗೆ ಹೋಯಿತು? ಆಟಿಸಂ ಇರುವವರು ಯಾವ ಯಾವ ಕೆಲಸ ಮಾಡಬಲ್ಲರು ಎಂಬುದನ್ನು ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಹೊರಡಿಸಿದ ಹುದ್ದೆಗಳ ಪಟ್ಟಿಯಲ್ಲೇ ಗುರುತಿಸಿದೆ. ಇನ್ನೂ ಅಧ್ಯಯನ ಮಾಡಬೇಕು, ಸಮಿತಿ ರಚಿಸಬೇಕು ಎಂದು ದಯವಿಟ್ಟು ಹೇಳಬೇಡಿ. ನಮಗೆ ಉಳಿದಿರುವ ಸಮಯ ಕಡಿಮೆ, ವಯೋಮಿತಿ ಸಮಿತಿಗಾಗಿ ಕಾಯುವುದಿಲ್ಲ.

ಮುಂದಿನ ನೇಮಕಾತಿ ಅಧಿಸೂಚನೆ ಹೊರಡುವ ಮೊದಲು ಲೆಕ್ಕ ಪ್ರಕಟವಾಗಲಿ. ಸೊನ್ನೆಯಾದರೆ ಸೊನ್ನೆ ಎಂದೇ ಬರೆಯಿರಿ. ನಮ್ಮ ಪಾಲಿನ ಬಾಕಿ ಹುದ್ದೆಗಳನ್ನು ಬೇರೆಯವರಿಗೆ ವರ್ಗಾಯಿಸುವ ಮೊದಲು ವಿಶೇಷ ನೇಮಕಾತಿಗೆ ಕರೆಯಿರಿ, ಅದರಲ್ಲಿ ಮೂವತ್ತು, ನಲವತ್ತು ದಾಟಿದವರಿಗೂ ವಯೋಮಿತಿ ಸಡಿಲಿಸಿ. ನಾನು ಅರ್ಜಿ ಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೆಲಸ ಕೇಳುತ್ತಿರುವ ಒಬ್ಬ ಲೆಕ್ಕಪತ್ರಗಾರ್ತಿ
ದಾವಣಗೆರೆ