ಗ್ರಾಫ್‌ನಲ್ಲಿ ಕಮಿಟ್‌ಗಳ ಕ್ರಮ ಬದಲಾದದ್ದೇಕೆ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸವನ್ನು ಗೆರೆಗಳ ಗ್ರಾಫ್ ಆಗಿ ತೋರಿಸುವ ನಮ್ಮ ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ನಿಮ್ಮದೇ ರೆಪೊಸಿಟರಿ (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ನಿಮಗೆ ಗುರುತು ಸಿಗದಂತಾಗಿದೆ ಎಂದು ಹಲವರು ಬರೆದಿದ್ದೀರಿ. ಕೆಲಸದ ಮಧ್ಯೆ ಹೀಗಾದದ್ದಕ್ಕೆ ಕ್ಷಮೆ ಕೇಳುತ್ತೇವೆ. ಆದರೂ ಹೊಸ ಕ್ರಮವನ್ನು ಹಿಂತೆಗೆಯುತ್ತಿಲ್ಲ. ನಾವು ಇದುವರೆಗೆ ಬರೆದ ಗ್ರಾಫ್‌ಗಳಲ್ಲಿ ಇದೇ ಅತ್ಯಂತ ಸ್ಪಷ್ಟವಾದದ್ದು ಎಂಬ ನಂಬಿಕೆ ನಮಗಿದೆ.

ಆಗಿರುವುದು ಇಷ್ಟೇ. ಮೊದಲು ಕಮಿಟ್‌ಗಳನ್ನು (ದಾಖಲಾದ ಒಂದೊಂದು ಬದಲಾವಣೆ) ದಿನಾಂಕ ನೋಡಿ, ಹೊಸದು ಮೇಲೆ ಬರುವಂತೆ ಜೋಡಿಸುತ್ತಿದ್ದೆವು, ಈಗ ಯಾವುದರ ಪೇರೆಂಟ್ (ಅದಕ್ಕೆ ಆಧಾರವಾದ ಹಿಂದಿನ ಕಮಿಟ್) ಯಾವುದು ಎಂದು ನೋಡಿ ಜೋಡಿಸುತ್ತೇವೆ. ಮೇನ್ (ಕೋಡ್‌ನ ಮುಖ್ಯ ಸಾಲು) ಎಡಗಡೆ ನೇರ ಗೆರೆಯಾಗಿ ಇಳಿಯುತ್ತದೆ, ಅದರಿಂದ ಕವಲೊಡೆದ ಒಂದೊಂದು ಬ್ರಾಂಚ್‌ನ ಕಮಿಟ್‌ಗಳು ಒಟ್ಟಿಗೇ ಇರುತ್ತವೆ.

ಎಲ್ಲಕ್ಕಿಂತ ಹೆಚ್ಚು ಬಂದ ದೂರು: "ದಿನಾಂಕಗಳೆಲ್ಲ ಹಿಂದುಮುಂದಾಗಿವೆ, ಬುಧವಾರದ ಕಮಿಟ್ ಸೋಮವಾರದ್ದರ ಕೆಳಗೆ ಹೋಗಿದೆ." ಹೌದು, ಹೋಗಿದೆ. ಲಾಗಿನ್ ದೋಷ ಸರಿಪಡಿಸಲು ಒಬ್ಬರು ಬ್ರಾಂಚ್ ತೆಗೆದು ಸೋಮವಾರ, ಮಂಗಳವಾರ, ಬುಧವಾರ ಒಂದೊಂದು ಕಮಿಟ್ ಮಾಡಿದರು ಎನ್ನೋಣ. ಅದೇ ಮೂರು ದಿನ ಮೇನ್‌ಗೂ ಬೇರೆಯವರ ಒಂದೊಂದು ಕಮಿಟ್ ಬಂತು, ಗುರುವಾರ ಬ್ರಾಂಚ್ ಮೇನ್‌ಗೆ ಮರ್ಜ್ ಆಯಿತು, ಅಂದರೆ ಸೇರಿತು. ದಿನಾಂಕದ ಕ್ರಮದಲ್ಲಿ ಇವೆರಡೂ ಜಡೆ ಹೆಣೆದಂತೆ ಸೇರಿಕೊಳ್ಳುತ್ತವೆ. ಅಂಥ ಬ್ರಾಂಚ್ ಏಳೆಂಟಿದ್ದರೆ ಯಾವ ಗೆರೆ ಎಲ್ಲಿಂದ ಬಂತೆಂದು ಬೆರಳಿಟ್ಟು ಹುಡುಕಬೇಕು. ಹೊಸ ಕ್ರಮದಲ್ಲಿ ಮರ್ಜ್‌ನ ಕೆಳಗೆ ಲಾಗಿನ್ ಕೆಲಸದ ಮೂರೂ ಕಮಿಟ್ ಸಾಲಾಗಿ ಬರುತ್ತವೆ, ಆಮೇಲೆ ಮೇನ್‌ನವು. ಅದಕ್ಕೇ ಬ್ರಾಂಚ್‌ನ ಸೋಮವಾರದ ಕೆಳಗೆ ಮೇನ್‌ನ ಬುಧವಾರ ಕಾಣುವುದು.

ದಿನಾಂಕವನ್ನೇ ನಂಬಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು. ಗಿಟ್ ಪ್ರತಿ ಕಮಿಟ್‌ಗೂ ಎರಡು ದಿನಾಂಕ ಇಡುತ್ತದೆ: ಬರೆದವರದ್ದೊಂದು, ಕಮಿಟ್ ಮಾಡಿದವರದ್ದೊಂದು. ರೀಬೇಸ್ ಮಾಡಿದರೆ (ಇದ್ದ ಕಮಿಟ್‌ಗಳನ್ನು ಬೇರೆ ಕಮಿಟ್‌ನ ಮೇಲೆ ಮತ್ತೆ ಕಟ್ಟಿದರೆ) ಸಾಮಾನ್ಯವಾಗಿ ಮೊದಲನೆಯದು ಹಾಗೇ ಉಳಿದು ಎರಡನೆಯದು ಬದಲಾಗುತ್ತದೆ. ಯಾರದೋ ಲ್ಯಾಪ್‌ಟಾಪ್‌ನ ಗಡಿಯಾರ ಹಿಂದಿದ್ದರೆ ಮಗುವಿಗೆ, ಅಂದರೆ ಪೇರೆಂಟ್‌ನ ಮೇಲೆ ಬಂದ ಕಮಿಟ್‌ಗೆ, ಪೇರೆಂಟ್‌ಗಿಂತ ಹಳೆಯ ದಿನಾಂಕ ಬೀಳುತ್ತದೆ. ಪೇರೆಂಟ್ ಕೊಂಡಿ ಹಾಗಲ್ಲ, ಕಮಿಟ್‌ನ ಹ್ಯಾಶ್‌ನಲ್ಲೇ (ಅದರ ಒಳಗಿನದ್ದರಿಂದ ಲೆಕ್ಕಹಾಕಿದ ಗುರುತು) ಅದು ಸೇರಿಹೋಗಿರುತ್ತದೆ. ಇಷ್ಟಾದ ಮೇಲೂ ದಿನಾಂಕದ ಕ್ರಮವೇ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ತೆಗೆಯುವುದಿಲ್ಲ.

"ಕಾಸು ತೆಗೆದುಕೊಂಡು ನಿಧಾನ ಮಾಡಿದ್ದೀರಿ" ಎಂಬ ಮಾತು ಮಾತ್ರ ನಮಗೆ ನೋವು ತಂದಿದೆ. ಶುಲ್ಕ ನಾವು ಏರಿಸಿಲ್ಲ. ನಿಧಾನಕ್ಕೆ ಕಾರಣ ಇದು: ಈ ಕ್ರಮದಲ್ಲಿ ಒಂದು ಕಮಿಟ್ ತೋರಿಸುವ ಮೊದಲು ಅದರ ಮಕ್ಕಳೆಲ್ಲ ಮೇಲೆ ಬಂದಿರಬೇಕು. ಅದು ಖಚಿತವಾಗಲು, ಬೇರೆ ನೆರವಿಲ್ಲದಿದ್ದರೆ, ಮೊದಲ ಸಾಲು ಬರೆಯುವ ಮುನ್ನ ಇಡೀ ಇತಿಹಾಸ ಓದಬೇಕು. ಆ ನೆರವು ಇದೆ: 2018ರ ಗಿಟ್ 2.18ರಲ್ಲಿ ಬಂದ, ಕಮಿಟ್‌ಗಳ ಸಂಬಂಧಗಳನ್ನು ಮೊದಲೇ ಬರೆದಿಡುವ ಕಮಿಟ್-ಗ್ರಾಫ್ ಫೈಲ್. ಅದು ಇರುವ ರೆಪೊಸಿಟರಿಗಳು ಹೊಸ ಆವೃತ್ತಿಯಲ್ಲೂ ಬೇಗ ತೆರೆಯುತ್ತವೆ. ಗಿಟ್ 2.24ರಿಂದ ಈಚೆಗೆ ಜಿಸಿ (ರೆಪೊಸಿಟರಿಯನ್ನು ಶುಚಿಗೊಳಿಸುವ git gc ಆಜ್ಞೆ) ಓಡಿಸಿದರೆ ಆ ಫೈಲ್ ತಾನೇ ತಯಾರಾಗುತ್ತದೆ. ನಿಧಾನವೆಂದು ಬರೆದವರು ದಯವಿಟ್ಟು ಒಮ್ಮೆ ಜಿಸಿ ಓಡಿಸಿ ನೋಡಿ. ಶ್ಯಾಲೋ ಕ್ಲೋನ್‌ಗೆ (ಇತ್ತೀಚಿನ ಇತಿಹಾಸವನ್ನಷ್ಟೇ ಇಳಿಸಿಕೊಂಡ ಪ್ರತಿಗೆ) ಮಾತ್ರ ಇದು ಅನ್ವಯಿಸದು.

ಇನ್ನೊಂದು ಆರೋಪ, ಮೇನ್ ಕೆಲವು ಕಡೆ ಪಕ್ಕಕ್ಕೆ ಜಿಗಿಯುತ್ತದೆ ಎಂಬುದು. ನಿಮ್ಮ ಕಂಪ್ಯೂಟರ್‌ನಲ್ಲಿ ಇನ್ನೂ ಪುಶ್ ಆಗದ (ತಂಡಕ್ಕೆ ಕಳಿಸದ) ಕಮಿಟ್ ಇರುವಾಗ ಪುಲ್ ಮಾಡಿ ತಂಡದ ಹೊಸ ಕಮಿಟ್‌ಗಳನ್ನು ತಂದು ಮರ್ಜ್ ಮಾಡಿದರೆ, ಮರ್ಜ್‌ನ ಮೊದಲ ಪೇರೆಂಟ್ ನಿಮ್ಮ ಕಮಿಟ್ ಆಗುತ್ತದೆ, ತಂಡದ ಸಾಲು ಎರಡನೆಯದಾಗುತ್ತದೆ. ನಾವು ಮೊದಲ ಪೇರೆಂಟ್ ಹಿಡಿದೇ ಗೆರೆ ಎಳೆಯುವುದು. ರೆಪೊಸಿಟರಿಯಲ್ಲಿ ದಾಖಲಾದದ್ದನ್ನು ಚೆಂದ ಕಾಣಲೆಂದು ತಿದ್ದಿ ತೋರಿಸಲಾರೆವು.

ಗ್ರಾಫ್ ಇನ್ನೂ ಗೋಜಲಾಗಿಯೇ ಕಾಣುತ್ತಿದ್ದರೆ ಬರೆಯಿರಿ, ಖಂಡಿತ ನೋಡುತ್ತೇವೆ. ನಿಮ್ಮ ಕೋಡ್ ಕಳಿಸಬೇಕಿಲ್ಲ, ಸಂದೇಶಗಳೂ ಹೆಸರುಗಳೂ ಬೇಡ. ಕಮಿಟ್‌ಗಳ ಹ್ಯಾಶ್ ಮತ್ತು ಅವುಗಳ ಪೇರೆಂಟ್‌ಗಳ ಪಟ್ಟಿ ಸಾಕು, ಗೆರೆ ಎಳೆಯಲು ನಮಗೆ ಬೇಕಿರುವುದು ಅಷ್ಟೇ.

ಇಂತಿ,
ಗ್ರಾಫ್ ಬರೆಯುವ ನಿಮ್ಮ ತಂಡ