ಸಮುದ್ರ ದಾಟಿದಲ್ಲಿಗೆ ಕಥೆ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ಈಸ್ಟರ್ ಹತ್ತಿರವಾದಾಗ ಪುರವಣಿಗಳಲ್ಲಿ ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಇಸ್ರಾಯೇಲ್ಯರ ಬಿಡುಗಡೆಯ ಕಥೆ ಬರುವುದುಂಟು. ಮೋಶೆಯ ಕೋಲು, ಹತ್ತು ಬಾಧೆಗಳು, ಇಬ್ಭಾಗವಾದ ಸಮುದ್ರ, ಮುಳುಗಿದ ರಥಗಳು; ಅಲ್ಲಿಗೆ ಶುಭಂ. ಈ ಕಥೆ ಹೇಳುವ ಬೈಬಲಿನ ವಿಮೋಚನಕಾಂಡದಲ್ಲಿ 40 ಅಧ್ಯಾಯಗಳಿವೆ, ಸಮುದ್ರ ದಾಟುವುದು 14ನೆಯದರಲ್ಲಿ. ದೇವರು ಕೊಟ್ಟ ಮಾತಿಗೆ ತಪ್ಪಲಿಲ್ಲ ಎಂಬುದೇ ಕಥೆಯ ತಿರುಳಾದರೆ, ಅದರ ಸಾಕ್ಷ್ಯವೆಲ್ಲ ಸಾಮಾನ್ಯವಾಗಿ ಕತ್ತರಿ ಬೀಳುವ ಭಾಗಗಳಲ್ಲಿದೆ.

ಮೊದಲನೆಯದಾಗಿ, ಮಾತು ಕೊಟ್ಟದ್ದು ಮೋಶೆಗಲ್ಲ, ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮನಿಗೆ. ನಿನ್ನ ಸಂತತಿಯವರು ಪರದೇಶದಲ್ಲಿ 400 ವರ್ಷ ಬಾಧೆಪಟ್ಟು, ಬಳಿಕ ಬಹಳ ಸೊತ್ತಿನೊಡನೆ ಹೊರಡುವರು ಎಂದು ಆದಿಕಾಂಡ 15ರಲ್ಲಿದೆ. ತಡವೇಕೆ ಎಂಬುದಕ್ಕೂ ಅಲ್ಲೇ ಉತ್ತರವಿದೆ: ವಾಗ್ದಾನದ ನಾಡಾದ ಕಾನಾನಿನ ಅಮೋರಿಯರ ಪಾಪ ಇನ್ನೂ ಪೂರ್ತಿಯಾಗಿರಲಿಲ್ಲ. ಹಾಗೆಂದು '400 ವರ್ಷ ಗುಲಾಮಗಿರಿ' ಎಂದು ಬರೆದುಬಿಡುವುದು ಅವಸರದ ಮಾತು. ವಿಮೋಚನಕಾಂಡ 12ರಲ್ಲಿ 430 ವರ್ಷ ಎಂದಿದೆ. ಪ್ರಾಚೀನ ಗ್ರೀಕ್ ಪಾಠ ಅದನ್ನು ಕಾನಾನ್ ಮತ್ತು ಐಗುಪ್ತ ಎರಡೂ ಕಡೆಯ ವಾಸಕ್ಕೆ ಅನ್ವಯಿಸುತ್ತದೆ. ಯೆಹೂದಿ ಸಂಪ್ರದಾಯದ ಎಣಿಕೆಯಲ್ಲಿ ಐಗುಪ್ತದ ವಾಸ 210 ವರ್ಷ. ಲೆಕ್ಕ ಯಾವುದಾದರೂ ಇರಲಿ, ಐಗುಪ್ತದಲ್ಲಿ ಅಧಿಕಾರಕ್ಕೇರಿದ್ದ ತಮ್ಮವನೇ ಆದ ಯೋಸೇಫನ ಕಾಲದಲ್ಲಿ ಅವರು ಅಲ್ಲಿನ ಗೋಷೆನ್ ಸೀಮೆಯಲ್ಲಿ ಮರ್ಯಾದಸ್ಥರಾಗಿಯೇ ಬಾಳಿದ್ದರು. ಯೋಸೇಫನನ್ನು ಅರಿಯದ ಅರಸ ಪಟ್ಟಕ್ಕೆ ಬಂದ ಮೇಲೆ ಬಿಟ್ಟಿ ಕೆಲಸ ಶುರುವಾಯಿತು.

ಆ ಕೆಲಸದ ಕ್ರೌರ್ಯ ಚಾಟಿಗಿಂತ ಹೆಚ್ಚಾಗಿ ಇಟ್ಟಿಗೆಯ ಲೆಕ್ಕದಲ್ಲಿತ್ತು. ಐಗುಪ್ತದ ಇಟ್ಟಿಗೆ ಸುಟ್ಟದ್ದಲ್ಲ, ಬಿಸಿಲಿಗೆ ಒಣಗಿಸಿದ್ದು. ನೈಲ್ ನದಿಯ ಮೆಕ್ಕಲುಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಕತ್ತರಿಸಿದ ಹುಲ್ಲು ಬೆರೆಸಿದರೆ ಬಿರುಕು ಹರಡದೆ ಇಟ್ಟಿಗೆ ಒಗ್ಗೂಡಿ ನಿಲ್ಲುತ್ತದೆ. ಐಗುಪ್ತದ ಅರಸ ಫರೋಹ ಹುಲ್ಲು ಕೊಡುವುದನ್ನು ನಿಲ್ಲಿಸಿದ, ದಿನದ ಎಣಿಕೆಯನ್ನು ಮಾತ್ರ ಒಂದೂ ಇಳಿಸಲಿಲ್ಲ. ಜನ ದೇಶದಲ್ಲೆಲ್ಲ ಅಲೆದು ಹೊಲದ ಕೂಳೆ ಆಯ್ದರು. ಎಣಿಕೆ ಕಡಿಮೆ ಬಿದ್ದಾಗ ಏಟು ತಿಂದವರು ಇಸ್ರಾಯೇಲ್ಯರಲ್ಲೇ ನೇಮಕಗೊಂಡಿದ್ದ ಮೇಸ್ತ್ರಿಗಳು. ಅವರ ಸಿಟ್ಟು ತಿರುಗಿದ್ದು ಮೋಶೆಯ ಮೇಲೆ. ದೇವರು ಮೋಶೆಯನ್ನು ಕಳುಹಿಸಿದ ಮೊದಲ ಫಲ ಇದು: ಸ್ಥಿತಿ ಇನ್ನಷ್ಟು ಹದಗೆಟ್ಟಿತು. 'ನಿನ್ನ ಜನರನ್ನು ನೀನು ಬಿಡಿಸಲೇ ಇಲ್ಲವಲ್ಲ' ಎಂದು ಮೋಶೆ ದೇವರನ್ನೇ ಕೇಳುತ್ತಾನೆ. ಪುರವಣಿಗಳಲ್ಲಿ ಈ ಐದನೇ ಅಧ್ಯಾಯದ ಸುದ್ದಿಯೇ ಇರುವುದಿಲ್ಲ.

(ಐಗುಪ್ತದ ಥೀಬ್ಸ್‌ನಲ್ಲಿರುವ ಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಚಿತ್ರದಲ್ಲಿ ಕೊಳದಿಂದ ನೀರು ತರುವವರು, ಗುದ್ದಲಿಯಿಂದ ಮಣ್ಣು ಕಲಸುವವರು, ಮರದ ಅಚ್ಚು ಒತ್ತುವವರು, ಕೋಲು ಹಿಡಿದ ಮೇಲ್ವಿಚಾರಕರು ಎಲ್ಲರೂ ಇದ್ದಾರೆ. ಆದರೆ ಅವರು ನೂಬಿಯಾ ಮತ್ತು ಸಿರಿಯಾ ಕಡೆಯ ಸೆರೆಯಾಳುಗಳು. ಆ ಚಿತ್ರದ ಕೆಳಗೆ 'ಇಸ್ರಾಯೇಲ್ಯರು' ಎಂದು ಅಚ್ಚು ಹಾಕಬಾರದು.)

ಪಸ್ಕದ ರಾತ್ರಿಯ, ಅಂದರೆ ಐಗುಪ್ತದಿಂದ ಹೊರಟ ರಾತ್ರಿಯ ಹಬ್ಬದೂಟದ, ವಿವರಗಳೂ ಅಷ್ಟೇ ಕರಾರುವಾಕ್ಕು. ಕೊಯ್ಯುವ ಮರಿ ಕುರಿಯದಾಗಲಿ ಆಡಿನದಾಗಲಿ ಆಗಬಹುದು. ಗಂಡು, ಒಂದು ವರ್ಷದ್ದು, ಊನವಿಲ್ಲದ್ದು. ತಿಂಗಳ 10ನೇ ದಿನ ಆರಿಸಿ, 14ನೇ ದಿನದ ಸಂಜೆಯವರೆಗೆ ಇಟ್ಟುಕೊಂಡು ಕೊಯ್ಯಬೇಕು. ಮನೆಮಂದಿ ಕಡಿಮೆಯಾದರೆ ನೆರೆಮನೆಯವರೊಡನೆ ಪಾಲು. ರಕ್ತವನ್ನು ಹಿಸ್ಸೋಪ್ ಗಿಡದ ಕಟ್ಟಿನಿಂದ ಬಾಗಿಲಿನ ಎರಡು ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಬೇಕು. ನಾಟಕಗಳಲ್ಲಿ ಕದದ ಮೇಲೆಲ್ಲ ಕೆಂಪು ಬಳಿಯುವುದು ಕಂಡದ್ದೇ, ಗ್ರಂಥದಲ್ಲಿ ಹಾಗಿಲ್ಲ. ಮಾಂಸವನ್ನು ಬೇಯಿಸುವಂತಿಲ್ಲ, ಬೆಂಕಿಯಲ್ಲಿ ಸುಡಬೇಕು, ಎಲುಬು ಮುರಿಯಬಾರದು, ಬೆಳಿಗ್ಗೆಗೆ ಮಿಕ್ಕಿದ್ದನ್ನು ಸುಟ್ಟುಬಿಡಬೇಕು. ನಡುಕಟ್ಟಿಕೊಂಡು, ಕೆರ ಮೆಟ್ಟಿ, ಕೋಲು ಹಿಡಿದೇ ಉಣ್ಣಬೇಕು. ಹುಳಿಯಿಲ್ಲದ ರೊಟ್ಟಿ ಆ ಊಟಕ್ಕೆ ವಿಧಿಸಿದ್ದು ನಿಜ; ಆದರೆ ದಾರಿಯಲ್ಲಿ ಸುಟ್ಟ ರೊಟ್ಟಿಗೂ ಹುಳಿ ಇರಲಿಲ್ಲ, ಹಿಟ್ಟು ಉಬ್ಬುವಷ್ಟು ಹೊತ್ತೂ ಅವರಿಗೆ ಸಿಗದೆ ನಾದುವ ಹರಿವಾಣವನ್ನೇ ಬಟ್ಟೆಯಲ್ಲಿ ಕಟ್ಟಿ ಹೆಗಲಿಗೇರಿಸಿದ್ದರು.

ಅಷ್ಟು ಅವಸರದಲ್ಲೂ ಮೋಶೆ ಯೋಸೇಫನ ಎಲುಬುಗಳನ್ನು ಮರೆಯಲಿಲ್ಲ. 'ದೇವರು ನಿಮ್ಮನ್ನು ಖಂಡಿತ ಬಿಡಿಸುವನು, ಆಗ ನನ್ನ ಎಲುಬುಗಳನ್ನು ಒಯ್ಯಿರಿ' ಎಂದು ಯೋಸೇಫ ಸಾಯುವ ಮುನ್ನ ಆಣೆ ಹಾಕಿಸಿದ್ದ. ಆದಿಕಾಂಡದ ಕೊನೆಯ ವಾಕ್ಯದಲ್ಲಿ ಐಗುಪ್ತದ ಪೆಟ್ಟಿಗೆ ಸೇರಿದ ಆ ಶವ, ಯೆಹೋಶುವನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಕಾನಾನಿನ ಶೆಕೆಮಿನಲ್ಲಿ ಮಣ್ಣಾಗುತ್ತದೆ. ವಾಗ್ದಾನದ ಮೊದಲಿಗೂ ಕೊನೆಗೂ ಇದಕ್ಕಿಂತ ಗಟ್ಟಿ ಕೊಂಡಿ ಬೇರೊಂದಿಲ್ಲ.

ಇನ್ನು ಮನ್ನ, ಅಂದರೆ ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರ. ಹೊರಟು ಒಂದು ತಿಂಗಳಾಗುವಷ್ಟರಲ್ಲಿ ಜನ ಐಗುಪ್ತದ ಮಾಂಸದ ಪಾತ್ರೆಗಳನ್ನು ನೆನೆದು ಗೊಣಗಿದರು. ಆಗ ಮನ್ನ ಸಿಗತೊಡಗಿತು: ದಿನಕ್ಕೆ ತಲೆಗೊಂದು ಓಮೆರ್ ಅಳತೆ, ಸುಮಾರು ಎರಡು ಲೀಟರ್. ಕೊತ್ತಂಬರಿ ಬೀಜದಂತೆ ಕಾಣುತ್ತಿತ್ತು. ಬೀಸಿಯೋ ಕುಟ್ಟಿಯೋ, ಬೇಯಿಸಿ ರೊಟ್ಟಿ ಮಾಡುತ್ತಿದ್ದರು. ಬಿಸಿಲೇರಿದರೆ ಕರಗುತ್ತಿತ್ತು. ನಾಳೆಗೆಂದು ಎತ್ತಿಟ್ಟದ್ದರಲ್ಲಿ ಹುಳು ಬಿದ್ದು ನಾತ ಹೊಡೆಯಿತು. ಆರನೇ ದಿನ ಮಾತ್ರ ತಲೆಗೆ ಎರಡು ಓಮೆರ್. ಅದು ಮರುದಿನಕ್ಕೂ ಕೆಡಲಿಲ್ಲ. ಏಳನೇ ದಿನ ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ಬಂದರು. ಇಟ್ಟಿಗೆಯ ಎಣಿಕೆ ಮುಗಿಸಿದರೂ ಬಿಡುವು ಕಾಣದಿದ್ದವರಿಗೆ ವಾರಕ್ಕೊಂದು ರಜೆಯನ್ನು ಊಟದ ಮೂಲಕವೇ ಅಭ್ಯಾಸ ಮಾಡಿಸಿದ್ದು ಹೀಗೆ. ಇದು 40 ವರ್ಷ ನಡೆಯಿತು, ಜನ ದಂಗೆಯೆದ್ದ ವರ್ಷಗಳಲ್ಲೂ. ಕಾನಾನಿನ ಬೆಳೆಯನ್ನು ಅವರು ಉಂಡ ಮರುದಿನವೇ ಮನ್ನ ನಿಂತುಹೋಯಿತು ಎಂದು ಯೆಹೋಶುವ 5ರಲ್ಲಿದೆ. ಒಂದು ದಿನ ಮುಂಚೆಯೂ ನಿಲ್ಲಲಿಲ್ಲ.

ಚರಿತ್ರೆಯ ಪ್ರಶ್ನೆ ಎತ್ತುವವರಿಗೂ ಒಂದು ಮಾತು. ನಿರ್ಗಮನವನ್ನು ನೇರವಾಗಿ ಹೇಳುವ ಐಗುಪ್ತದ ಶಾಸನ ದೊರೆತಿಲ್ಲ. ಕ್ರಿ.ಪೂ. 1208ರ ಸುಮಾರಿನ ಐಗುಪ್ತದ ಅರಸ ಮೆರ್ನೆಪ್ತಾನ ಶಿಲಾಶಾಸನ (1896ರಲ್ಲಿ ಪತ್ತೆಯಾದದ್ದು) ಕಾನಾನಿನಲ್ಲಿ 'ಇಸ್ರಾಯೇಲ್' ಎಂಬ ಜನರಿದ್ದರೆಂದು ಹೇಳುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಹಿಂಡಬಾರದು, ಕಡಿಮೆಯನ್ನೂ ಹೇಳಬಾರದು.

ಜೀತದ ನೆನಪು ಇನ್ನೂ ಮಾಸದ ನಮ್ಮ ಓದುಗರಿಗೆ ಧರ್ಮೋಪದೇಶಕಾಂಡ 15 ಹತ್ತಿರದ್ದೆನಿಸಬೇಕು. ಆರು ವರ್ಷ ದುಡಿದ ದಾಸನನ್ನು ಏಳನೆಯದರಲ್ಲಿ ಬಿಡುವಾಗ ಬರಿಗೈಯಲ್ಲಿ ಕಳುಹಿಸುವಂತಿಲ್ಲ. ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಆಲೆಯಿಂದ ಕೊಟ್ಟು ಕಳುಹಿಸಬೇಕು. ಕಾರಣ: ಐಗುಪ್ತದಲ್ಲಿ ನೀವೂ ದಾಸರಾಗಿದ್ದಿರಿ. ನಮ್ಮ 1976ರ ಜೀತಪದ್ಧತಿ ರದ್ದತಿ ಕಾಯ್ದೆಯೂ ಜೀತದ ಸಾಲವನ್ನು ತೊಡೆದುಹಾಕುವುದರ ಜೊತೆಗೆ ಪುನರ್ವಸತಿಯ ಮಾತನ್ನು ಆಡುತ್ತದೆ.

ಮುಂದಿನ ಬಾರಿ ಈ ಕಥೆಗೆ ಅರ್ಧ ಪುಟವಷ್ಟೇ ಸಿಕ್ಕರೆ ಹತ್ತು ಬಾಧೆಗಳನ್ನು ಎರಡು ಸಾಲಿಗಿಳಿಸಿ, ಉಳಿದ ಜಾಗವನ್ನು ಇಟ್ಟಿಗೆಗೂ ಮನ್ನಕ್ಕೂ ಬಿಡಬೇಕೆಂದು ಕೋರಿಕೆ. ಕಪ್ಪೆಗಳ ವಿಷಯ ಎಲ್ಲರಿಗೂ ಗೊತ್ತೇ ಇದೆ.

— ಓದುಗರೊಬ್ಬರು, ಮಂಗಳೂರು