ಕುಣಿಗಲ್ ಹತ್ತಿರ ಸಿಕ್ಕ ಅಣ್ಣನಿಗೆ

ಅಣ್ಣ, ನಿಮ್ಮ ಹೆಸರು ಕೇಳೋದೇ ಮರೆತೆ. ಹೋದ ಭಾನುವಾರ ಕುಣಿಗಲ್ ಬೈಪಾಸ್ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ನನ್ನ ಎಲೆಕ್ಟ್ರಿಕ್ ಕಾರಿನ ಗೋಳು ಹೇಳಿಕೊಳ್ಳುತ್ತಿದ್ದೆ, ನೀವು ಟೀ ಲೋಟ ಇಟ್ಟು ಎದ್ದು ಬಂದಿರಿ. ವೇಗ 40 ಕಿ.ಮೀ. ದಾಟಿದರೆ ಸಾಕು, ಮುಂದುಗಡೆಯಿಂದ ಗುಂಯ್ ಅಂತ ಸದ್ದು. ಸರ್ವಿಸ್ ಸೆಂಟರ್‌ನವರು ಮೋಟಾರೇ ಹೋಗಿದೆ, ಪೂರ್ತಿ ಬದಲಾಯಿಸಬೇಕು ಅಂದಿದ್ದರು. ನನಗೆ ಎರಡು ವಾರ ನಿದ್ದೆ ಇಲ್ಲ.

ಸದ್ದು ಮೋಟಾರಿಂದಾನಾ ಅಂತ ನಾನು ನ್ಯೂಟ್ರಲ್‌ಗೆ ಹಾಕಿ ನೋಡಿದ್ದೆ, ಸದ್ದು ಹೋಗಲಿಲ್ಲ ಅಂದೆ. ನೀವು ನಕ್ಕು, ಇದರಲ್ಲಿ ಮೋಟಾರನ್ನು ಚಕ್ರದಿಂದ ಬಿಡಿಸೋ ಕ್ಲಚ್ ಇಲ್ಲವಲ್ಲ, ನ್ಯೂಟ್ರಲ್‌ನಲ್ಲೂ ಚಕ್ರದ ಜೊತೆ ಮೋಟಾರ್ ತಿರುಗುತ್ತಲೇ ಇರುತ್ತದೆ, ಅಷ್ಟರಿಂದಲೇ ಏನೂ ಗೊತ್ತಾಗಲ್ಲ ಅಂದಿರಿ. ಆಮೇಲೆ ಪಕ್ಕದಲ್ಲಿ ಕೂತು, ಖಾಲಿ ಸರ್ವಿಸ್ ರಸ್ತೆಯಲ್ಲಿ ಸ್ಟಿಯರಿಂಗ್ ಮೆಲ್ಲಗೆ ಬಲಕ್ಕೆ, ಎಡಕ್ಕೆ ಎಳೆಸಿದಿರಿ. ಬಲಕ್ಕೆ ಎಳೆದರೆ ಸದ್ದು ಜಾಸ್ತಿ, ಎಡಕ್ಕೆ ಎಳೆದರೆ ಕಮ್ಮಿ. ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ, ಅಲ್ವಾ? ಆ ಚಕ್ರಕ್ಕೆ ಜಾಕ್ ಹಾಕಿ, ಒಂದು ಕೈ ಅದರ ಪಕ್ಕದ ಸ್ಪ್ರಿಂಗ್ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ, ನನ್ನ ಕೈಯನ್ನೂ ಅಲ್ಲಿ ಇಡಿಸಿದಿರಿ. ಮರಳು ಅರೆದ ಹಾಗೆ ನಡುಗುತ್ತಿತ್ತು.

ಎಡ ಮುಂದಿನ ವೀಲ್ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗೋಕೆ ಇರೋ ಭಾಗ, ಸವೆದಿತ್ತು, ಅಷ್ಟೇ! ಪೆಟ್ರೋಲ್ ಕಾರಾಗಿದ್ದರೆ ಎಂಜಿನ್ ಗಲಾಟೆಯಲ್ಲಿ ಮುಚ್ಚಿಹೋಗುತ್ತಿತ್ತೇನೋ, ಇದರಲ್ಲಿ ಸೊಳ್ಳೆ ಹಾರಿದರೂ ಕೇಳುತ್ತದೆ.

ಮಂಗಳವಾರ ಬೇರಿಂಗ್ ಹಾಕಿಸಿದೆ, ಅರ್ಧ ದಿನದ ಕೆಲಸ, ಸದ್ದು ಮಾಯ. ಭಾನುವಾರ ನಿಮಗೆ ದುಡ್ಡು ಕೊಡಲು ಹೋದರೆ ಸುಮ್ನೆ ಇರ್ರೀ ಅಂತ ಗದರಿದಿರಿ. ತುಂಬಾ ಥ್ಯಾಂಕ್ಸ್ ಅಣ್ಣ. ಆ ಕಡೆ ಬಂದಾಗಲೆಲ್ಲ ಅಂಗಡಿಯಲ್ಲಿ ನಿಮ್ಮನ್ನು ಹುಡುಕುತ್ತೇನೆ, ಟೀ ನನ್ನ ಲೆಕ್ಕ.